ಮೇಲಿನ ಸಾಲಿನಲ್ಲಿ ಏನೂ ಇಲ್ಲ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒತ್ತುವ ಗುಂಡಿಗಳಿವೆಯಲ್ಲ, ಅವುಗಳಲ್ಲಿ ಒಂದಕ್ಕೆ ಟಿಕಳಿ ಹಚ್ಚಿದೆ. ಹೆಂಗಸರು ಹಣೆಗೆ ಹಚ್ಚಿಕೊಳ್ಳುವ ಕೆಂಪು ಟಿಕಳಿಯೇ. ಮೊನ್ನೆ ಧೂಳು ಒರೆಸುವಾಗ ಅದರ ಅಂಚು ಎದ್ದಿದ್ದು ಕಂಡಿತು. ಕಿತ್ತು ಹೊಸದು ಹಚ್ಚೋಣ ಎಂದು ಉಗುರು ಹಾಕಿದವಳು ಹಾಗೇ ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಯಂತ್ರದಿಂದ ಏನನ್ನಾದರೂ ಕೀಳುವುದೆಂದರೆ ಈಗ ನನ್ನ ಮೈ ಹಿಡಿಯಾಗುತ್ತದೆ. ಯಾಕೆ ಅಂತ ಹೇಳುತ್ತೇನೆ. ಹೇಳಿಕೊಳ್ಳುವಂಥ ಕೆಲಸ ಮಾಡಿಲ್ಲ ನಾನು, ಆದರೂ ಹೇಳುತ್ತೇನೆ.

ನಮ್ಮದು ದಾಂಡೇಲಿ. ಮನೆ ಎರಡು ಖೋಲಿಯದು. ಮುಂದಿನ ಖೋಲಿಯಲ್ಲಿ ಸೊಸೆ ರೇಣುಕಾ ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿ ತುಂಬಿ ಕೊಡುತ್ತಾಳೆ. ಪಹಣಿ, ಜಾತಿ ಪತ್ರ, ಪಿಂಚಣಿಯ ಕಾಗದ, ಇಂಥವು. ಮುಂಡಗೋಡ ಕಡೆಯ ಹುಡುಗಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡೇ ನಮ್ಮ ಮನೆಗೆ ಬಂದವಳು. ಮಗ ಮಹಾದೇವ ಜೀಪಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಕಾಡು ತೋರಿಸುತ್ತಾನೆ. ನಾನು ಮೂರನೇ ಇಯತ್ತೆ. ಅದೂ ಪೂರ್ತಿ ಅಲ್ಲ, ಮಧ್ಯದಲ್ಲಿ ದಡಾರ ಬಂದು ಬಿಟ್ಟೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಲಗ್ನಪತ್ರಿಕೆ ಓದಿ ಮುಗಿಸುವಷ್ಟರಲ್ಲಿ ಲಗ್ನ ಮುಗಿದಿರುತ್ತದೆ ಎಂದು ನನ್ನ ಗಂಡ ನಗುತ್ತಿದ್ದರು.

ಬೆಳಿಗ್ಗೆ ಕಸ ಹೊಡೆದು, ಅಂಗಳಕ್ಕೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಊದಿನಕಡ್ಡಿ ಹಚ್ಚಿ ದೇವರ ಜಗಲಿಗೆ ಬೆಳಗಿದ ಮೇಲೆ ಕಂಪ್ಯೂಟರಿಗೂ ಒಮ್ಮೆ ಬೆಳಗಿ ಅದನ್ನು ಚಾಲೂ ಮಾಡುವುದು ನನ್ನ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ, ನಾನೇ ತೆಗೆದುಕೊಂಡದ್ದು. ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವುದು ಏನಿದ್ದರೂ ನನ್ನ ಕೈಯಿಂದಲೇ ಏಳಬೇಕು ಎಂಬ ಹಟ ನನಗೆ. ಚಾಲೂ ಮಾಡಿದ ಕೂಡಲೇ ಕರಿ ಪರದೆ ಬರುತ್ತದೆ, ಅದರ ಮೇಲೆ ಎರಡು ಸಾಲು. ಮೇಲಿನದು ಲಿನಕ್ಸು, ಕೆಳಗಿನದು ವಿಂಡೋಸು. ಹತ್ತು ಎಣಿಸುವುದರೊಳಗೆ ಯಾವುದು ಬೇಕು ಎಂದು ಹೇಳದಿದ್ದರೆ ಅದು ತಾನೇ ಮೇಲಿನದಕ್ಕೆ ಹೋಗಿಬಿಡುತ್ತದೆ. ಜನರ ಅರ್ಜಿ ಕೆಲಸವೆಲ್ಲ ಕೆಳಗಿನದರಲ್ಲಿ. ನಾನು ಊದಿನಕಡ್ಡಿ ಬೆಳಗುತ್ತ ನಿಂತು ದಿನಾ ತಪ್ಪಿಸುತ್ತಿದ್ದೆ. ಒಂದು ದಿನ ರೇಣುಕಾ ತನ್ನ ಹಣೆಯ ಟಿಕಳಿಯನ್ನೇ ಕಿತ್ತು ಕೆಳಗೆ ಇಳಿಸುವ ಗುಂಡಿಗೆ ಹಚ್ಚಿದಳು.

"ಇದನ್ನ ಒಮ್ಮಿ ಒತ್ರಿ ಅತ್ತಿ, ಆಮ್ಯಾಲ ದೊಡ್ಡದನ್ನ ಒತ್ರಿ. ದೇವರಿಗೆ ಆಮ್ಯಾಲ ಬೆಳಗ್ರಿ, ದೇವರು ಹತ್ತ ಎಣಸ್ಕೋತ ಕುಂದರೂದಿಲ್ಲ."

ಒಂದು ಯಂತ್ರದೊಳಗೆ ಎರಡು ಸಂಸಾರ ಎಂದರೆ ಉಳಿದವರಿಗೆ ತಿಳಿಸಿ ಹೇಳಬೇಕು. ನನಗೆ ಬೇಕಾಗಲಿಲ್ಲ. ನಾನು ಹುಟ್ಟಿದ್ದೇ ಅಂಥ ಮನೆಯಲ್ಲಿ. ಹಳಿಯಾಳದ ಹತ್ತಿರ ನಮ್ಮ ಹಳ್ಳಿ. ಅಪ್ಪ ಮತ್ತು ಕಾಕಾ ಬೇರೆಯಾದಾಗ ಮನೆಯ ನಡುವೆ ನನ್ನ ತಲೆಯ ಮಟ್ಟಕ್ಕೆ ಒಂದು ಮಣ್ಣಿನ ಗೋಡೆ ಎದ್ದಿತು. ಒಲೆ ಎರಡಾದವು. ತಲಬಾಗಿಲು ಮಾತ್ರ ಒಂದೇ, ಅದೂ ಕಾಕಾನ ಪಾಲಿಗೆ ಬಿದ್ದಿತ್ತು. ನಮ್ಮ ಒಲೆಗೆ ಹೋಗಬೇಕಾದರೆ ಅವರ ಪಡಸಾಲೆ ದಾಟಬೇಕು. ಅವ್ವ ನೀರಿನ ಕೊಡ ಹೊತ್ತು ದಾಟುವಾಗ ಕಾಕಿ ಬೇಕೆಂದೇ ಮೊರ ಹಿಡಿದು ಹಾದಿಯಲ್ಲಿ ಕೂರುತ್ತಿದ್ದಳು. ಗೋಡೆಯ ಆಚೆ ಈಚೆ ಸರಾಗವಾಗಿ ಓಡಾಡುತ್ತಿದ್ದದ್ದು ನಾನೊಬ್ಬಳೇ. ಕಾಕಿ ಕುಟ್ಟಿದ ಶೇಂಗಾ ಚಟ್ನಿಯ ಹಿಂಡಿ ಇಲ್ಲಿಗೆ, ಅವ್ವನ ಪುಂಡಿಪಲ್ಯ ಅಲ್ಲಿಗೆ. ಜೊತೆಗೆ ಇಲ್ಲಿಯ ಮಾತು ಅಲ್ಲಿಗೆ, ಅಲ್ಲಿಯದು ಇಲ್ಲಿಗೆ. ಒಮ್ಮೆ ಕಾಕಿಯ ಹತ್ತಿರ, 'ನಮ್ಮವ್ವ ನಿನ್ನ ಮೈಗಳ್ಳಿ ಅಂದ್ಲು' ಎಂದು ಹೇಳಿ ಹಿಂಡಿ ಇಸಿದುಕೊಂಡು ತಿಂದೆ. ಸಂಜೆ ಇಬ್ಬರೂ ಕೂಡಿಯೇ ನನಗೆ ಹೊಡೆದರು. ಬೇರೆಯಾದ ಮೇಲೆ ಅವರಿಬ್ಬರೂ ಒಂದಾಗಿ ಮಾಡಿದ ಕೆಲಸ ಅದೊಂದೇ ಇರಬೇಕು.

ಮಾತು ಎಲ್ಲಿಗೋ ಹೋಯಿತು. ರೇಣುಕಾ ಜನರ ಕೆಲಸ ಮುಗಿದ ಮೇಲೆ, ಮಧ್ಯಾಹ್ನ ಊಟವಾದ ಮೇಲೆ, ಯಂತ್ರವನ್ನು ಮತ್ತೆ ಮೊದಲಿನಿಂದ ಚಾಲೂ ಮಾಡಿ ಮೇಲಿನ ಸಾಲಿಗೆ ಹೋಗುತ್ತಿದ್ದಳು. ಅದು ಅವಳ ಸ್ವಂತದ್ದು. ಜೋಯಿಡಾದಲ್ಲಿ ಕಾಡಿನ ಹಳ್ಳಿಗಳ ಹುಡುಗಿಯರು ಉಳಿದು ಓದುವ ಒಂದು ಹಾಸ್ಟೆಲ್ಲಿದೆ. ಅಲ್ಲಿ ಯಾರೋ ದಾನ ಕೊಟ್ಟ ಏಳು ಹಳೆಯ ಕಂಪ್ಯೂಟರು ಚಾದರ ಹೊದ್ದುಕೊಂಡು ಬಿದ್ದಿದ್ದವು. ಹೊಸ ವಿಂಡೋಸು ಅವುಗಳಿಗೆ ಭಾರ, ಏಳುವುದೇ ಇಲ್ಲ. ಹಗುರಾದ ಲಿನಕ್ಸು ಹಾಕಿ ಏಳನ್ನೂ ಎಬ್ಬಿಸಿ ತೋರಿಸುತ್ತೇನೆ ಎಂದು ರೇಣುಕಾ ಹಾಸ್ಟೆಲಿನ ಮೇಡಮ್ಮನವರಿಗೆ ಮಾತು ಕೊಟ್ಟಿದ್ದಳು. ಎಬ್ಬಿಸಿದರೆ ಅವುಗಳನ್ನು ನೋಡಿಕೊಳ್ಳುವ, ಹುಡುಗಿಯರಿಗೆ ಕಲಿಸುವ ಕೆಲಸ ಅವಳಿಗೆ. ವಾರಕ್ಕೆ ಮೂರು ದಿನ. ಮನೆಯ ಮುಂದಿನ ಖೋಲಿಯಿಂದ ಹೊರಗೆ ಅವಳಿಗೆ ಸಿಗುತ್ತಿದ್ದ ಮೊದಲ ಕೆಲಸ.

ಏಳು ಯಂತ್ರಕ್ಕೂ ಏಳು ಥರದ ರೋಗ. ಒಂದರ ಗಡಿಯಾರ ದಿನಾ ಹಿಂದಕ್ಕೆ ಹೋಗುತ್ತದೆ, ಇನ್ನೊಂದರ ಪರದೆಗೆ ಮೊದಲೇ ಒಂದು ಮಾತು ಹೇಳದಿದ್ದರೆ ಕಪ್ಪಾಗಿಯೇ ಉಳಿಯುತ್ತದೆ. ಯಾವುದಕ್ಕೆ ಏನು ಔಷಧ ಎಂಬುದನ್ನೆಲ್ಲ ಅವಳು ಸಣ್ಣ ಸಣ್ಣ ಚೀಟಿಗಳ ಹಾಗೆ ನಮ್ಮ ಮನೆಯ ಯಂತ್ರದ ಮೇಲಿನ ಸಾಲಿನಲ್ಲೇ ಬರೆದಿಟ್ಟಿದ್ದಳು. ಆ ಚೀಟಿ ಓದಿಯೇ ಹಾಸ್ಟೆಲಿನ ಯಂತ್ರ ಏಳುವುದಂತೆ. ಅದರ ಜೊತೆಗೆ ಹುಡುಗಿಯರಿಗಾಗಿ ಕನ್ನಡದಲ್ಲಿ ಪಾಠ. ಪಾಠ ಬರೆದಾದ ಮೇಲೆ ನನ್ನನ್ನು ಕರೆದು ಕೂರಿಸಿಕೊಳ್ಳುತ್ತಿದ್ದಳು.

"ಇದನ್ನ ಓದ್ರಿ ಅತ್ತಿ. ಎಲ್ಲಿ ಅಡ್ಡಾಗತದ ಅಲ್ಲಿ ನಿಲ್ರಿ."

ನಾನು ನಿಂತಲ್ಲೆಲ್ಲ ಅವಳು ಮಾತು ಬದಲಿಸುತ್ತಿದ್ದಳು. ಇಪ್ಪತ್ತಾರು ಪಾಠ ಹಾಗೆ ಓದಿದ್ದೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೇಲಿನ ಸಾಲಿನಲ್ಲಿ ಏನಿತ್ತು ಎಂಬುದು ಈ ಮನೆಯಲ್ಲಿ ರೇಣುಕಾಳನ್ನು ಬಿಟ್ಟರೆ ಚೆನ್ನಾಗಿ ಗೊತ್ತಿದ್ದದ್ದು ನನಗೆ.

ಒಂದು ರವಿವಾರ ನಜ್ನೀನ್ ಬಂದಳು. ರೇಣುಕಾಳ ಗೆಳತಿ, ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬಂದವಳೇ ಚಪ್ಪಲಿ ಬಿಡುವ ಮೊದಲೇ ಜಗಳ ಸುರುಮಾಡಿದಳು. ಹಾಸ್ಟೆಲಿನ ಯಂತ್ರಗಳಿಗೆ ಯಾವ ಥರದ ಲಿನಕ್ಸು ಹಾಕಬೇಕು ಎಂಬ ಜಗಳ.

"ಅರೆ ರೇಣು, ಹಳೇ ಕಾಲದ್ದ ಹಿಡ್ಕೊಂಡ ಎಷ್ಟ ದಿನಾ ಕುಂದರ್ತಿ? ಸಿಸ್ಟಮ್‌ಡಿ ಇದ್ದದ್ದ ಹಾಕು. ಇಡೀ ದುನಿಯಾ ಅದಕ್ಕ ಹೋಗೇತಿ."

"ದುನಿಯಾದಾಗ ಇರೂವು ಹೊಸಾ ಮಷಿನ್ನು. ನನ್ನಾವು ಏಳೂ ಮುದುಕ್ಯಾರು."

"ಯಾರದ ಜಗಳ ಇದು?" ಎಂದು ನಾನು ನಡುವೆ ಬಾಯಿ ಹಾಕಿದೆ. ಬಾಯಿ ಹಾಕದೆ ಇದ್ದು ಗೊತ್ತಿಲ್ಲ ನನಗೆ.

ನಜ್ನೀನ್ ನನ್ನ ಕಡೆ ತಿರುಗಿ ಕೂತಳು. "ಅಮ್ಮಾ, ಕೇಳ್ರಿಲ್ಲೆ. ಮಷಿನ್ ಚಾಲೂ ಆತಂದ್ರ ಎಲ್ಲಾರಕಿಂತ ಮೊದಲ ಒಬ್ಬಾಕಿ ಎದ್ದ ಕೂಡ್ತಾಳ. ನಂಬರ್ ಒಂದು. ಉಳದಾರನ್ನೆಲ್ಲಾ ಆಕೀನ ಎಬ್ಬಸೂದು. ನೀ ಪಡದಾ ಹಚ್ಚು, ನೀ ಇಂಟರ್ನೆಟ್ ನೋಡು, ನೀ ಪ್ರಿಂಟರ್ ಎಬ್ಬಸು. ಯಾವನರ ನಡುವ ಮಕ್ಕೊಂಡ ಅಂದ್ರ ಒದ್ದ ಮತ್ತ ಎಬ್ಬಸ್ತಾಳ. ಆಕಿ ಹೆಸರು ಸಿಸ್ಟಮ್‌ಡಿ."

"ಹಂಗಾದ್ರ ಛಲೋ ಹೆಣಮಗಳ ಬಿಡು."

"ಆಕಿ ಅಂದ್ರ ನೀವ ಅಮ್ಮಾ!"

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಕಾಗದದ ಮಿಲ್ಲಿನಲ್ಲಿ ನನ್ನ ಗಂಡ ಒಂದು ಪಾಳಿ, ಇಬ್ಬರು ಮೈದುನರು ಇನ್ನೆರಡು ಪಾಳಿ. ಒಬ್ಬ ಉಣ್ಣುವಾಗ ಒಬ್ಬ ಮಲಗುತ್ತಿದ್ದ, ಇನ್ನೊಬ್ಬ ಬುತ್ತಿಗಾಗಿ ಬಾಗಿಲಲ್ಲಿ ನಿಂತಿರುತ್ತಿದ್ದ. ಮಿಲ್ಲಿನ ಭೋಂಗಾ ಕೂಗುವುದು ತಪ್ಪಿದರೂ ನಾನು ಎಬ್ಬಿಸುವುದು ತಪ್ಪಲಿಲ್ಲ. ಯಾರ ಅಂಗಿ ಎಲ್ಲಿ, ಯಾರಿಗೆ ಖಾರ ಆಗದು, ಯಾರು ಕೆಮ್ಮುತ್ತಿದ್ದಾರೆ, ಎಲ್ಲ ನನ್ನ ತಲೆಯಲ್ಲಿ. ಬಿದಿರಿನ ಧೂಳು ಮೆತ್ತಿಕೊಂಡು ಬಂದ ಮೂವರು ಗಂಡಸರು ನನ್ನನ್ನು ಕೇಳದೆ ಸ್ನಾನಕ್ಕೂ ಹೋಗುತ್ತಿರಲಿಲ್ಲ. ಪಾಳಿ ಮುಗಿದು, ಮೈದುನರು ಬೇರೆ ಊರಿಗೆ ಹೋಗಿ, ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದವು. ನಾನು ಮಾತ್ರ ಇನ್ನೂ ಎಬ್ಬಿಸುತ್ತಲೇ ಇದ್ದೆ.

ಹಾಗೆ ಉಬ್ಬಿಕೊಂಡು ಒಳಗೆ ಹೋಗಿ ಇಬ್ಬರಿಗೂ ಚುರುಮುರಿ ಗಿರಮಿಟ್ ಮಾಡಲು ಉಳ್ಳಾಗಡ್ಡಿ ಹೆಚ್ಚುತ್ತ ಕೂತೆ. ಎರಡು ಖೋಲಿಯ ಮನೆಯಲ್ಲಿ ಒಳಗೆ ಹೊರಗೆ ಎಂಬುದು ಬರೀ ಮಾತಿಗೆ. ಎಲ್ಲ ಕೇಳಿಸುತ್ತದೆ.

"ಅದ ನನಗ ಬ್ಯಾಡಾಗಿದ್ದು," ಎಂದು ರೇಣುಕಾ ಹೇಳುತ್ತಿದ್ದಳು. "ಮೊದಲ ಎಬ್ಬಸೂದಷ್ಟ ನಂದು ಅಂತ ಬಂದ್ಲು. ಆಮ್ಯಾಲ ಡೈರಿ ಬರಿಯೂದೂ ನಂದು, ಗಡಿಯಾರಾನೂ ನಂದು, ಯಾರ ಬಂದ್ರು ಯಾರ ಹೋದ್ರು ನೋಡೂದೂ ನಂದು. ಆಕಿ ಬರದ ಡೈರಿ ಆಕೀನ ಓದಿ ಹೇಳಬೇಕು, ಬ್ಯಾರೇದಾರು ತಗದ ನೋಡಿದ್ರ ಒಂದಕ್ಷರ ತಿಳೀದು. ಹಳೇ ಪದ್ಧತ್ಯಾಗ ಒಂದ ಕೆಲಸಕ್ಕ ಒಂದ ಚೀಟಿ. ಹುಡುಗ್ಯಾರೂ ತಗದ ಓದಬಹುದು, ತಿದ್ದಬಹುದು."

"ಸಾವಕಾಶ ಆಗತೈತಲ್ಲೇ ಅದು. ಇದರಾಗ ಎಲ್ಲಾರೂ ಒಮ್ಮೆಲೆ ಏಳ್ತಾರ. ಮನಿ ನಡೀತೈತೋ ಇಲ್ಲೋ ಅಷ್ಟ ನೋಡು."

"ನಡೀತೈತಿ, ಆಕಿ ನೆಟ್ಟಗಿರೂತನಕ. ನಮ್ಮನಿ ನೋಡಲ್ಲ. ಹ್ವಾದ ಮಳಿಗಾಲದಾಗ ಅತ್ತಿಗೆ ಜ್ವರಾ ಬಂದು ಮೂರ ದಿನಾ ಮಲಗಿದ್ರು. ಚಾ ಮಾಡಾಕ ಹೋದ್ರ ಚಾಪುಡಿ ಎಲ್ಲೈತಿ ಗೊತ್ತಿಲ್ಲ. ಹನ್ನೊಂದ ವರ್ಷಾತು ನಜ್ನೀನ್, ನಾ ಈ ಮನಿಗೆ ಬಂದು. ಚಾಪುಡಿ ಡಬ್ಬಿ ಯಾವದಂತ ಗೊತ್ತಿಲ್ಲ ನನಗ."

ಅವಳು ನಗುತ್ತ ಹೇಳಿದ್ದರೆ ಹೊರಗೆ ಬಂದು ಅಲ್ಲೇ ಬೈದುಬಿಡುತ್ತಿದ್ದೆ. ನಗಲಿಲ್ಲ. ನಜ್ನೀನ್ ಕೂಡ ನಗಲಿಲ್ಲ. ಆಮೇಲೆ ಮತ್ತೆ ಯಂತ್ರದ ಜಗಳ. ಇದೇ ವಿಷಯಕ್ಕೆ ಜಗತ್ತಿನ ತುಂಬ ದೊಡ್ಡ ದೊಡ್ಡವರು ಬಡಿದಾಡಿಕೊಂಡಿದ್ದಾರಂತೆ, ಒಂದು ಗುಂಪು ಸಿಟ್ಟಾಗಿ ಹೊರಬಿದ್ದು ಬೇರೆ ಒಲೆಯನ್ನೇ ಹೂಡಿದೆಯಂತೆ. ನಾನು ಅದನ್ನು ಕೇಳುತ್ತಿರಲಿಲ್ಲ.

ಅವಳು ಹೇಳಿದ್ದು ಖರೆ. ಚಹಾಪುಡಿಯನ್ನು ನಾನು ಸಾಸಿವೆ ಎಂದು ಬರೆದ ಡಬ್ಬಿಯಲ್ಲಿ ಇಡುತ್ತೇನೆ. ಸಾಸಿವೆ ಇನ್ನೆಲ್ಲೋ. ಗಿರಮಿಟ್ ಕಲಸಿ ಇಬ್ಬರ ಮುಂದೆ ಇಟ್ಟೆ. ಉಪ್ಪು ಕಡಿಮೆಯಾಗಿದೆ ಎಂದು ನಜ್ನೀನ್ ಅಂದಳು. ಹಾಕಿಕೊ ಎಂದೆ. ಅಷ್ಟೇ. ನಾಲ್ಕು ದಿನ ರೇಣುಕಾಳ ಮುಖ ನೋಡದೆ ಓಡಾಡಿದೆ. ಪಾಠ ಓದಲು ಕರೆದರೆ ಕಣ್ಣು ಉರಿಯುತ್ತಿದೆ ಎಂದೆ.

ಐದನೆಯ ದಿನ, ಗುರುವಾರ, ರೇಣುಕಾ ಹಾಸ್ಟೆಲಿನ ಯಂತ್ರಗಳ ಧೂಳು ಹೊಡೆಯಲು ಜೋಯಿಡಾಕ್ಕೆ ಹೋಗಿದ್ದಳು. ಮುಂದಿನ ಸೋಮವಾರ ಮೇಡಮ್ಮನವರ ಮುಂದೆ ಏಳನ್ನೂ ಎಬ್ಬಿಸಿ ತೋರಿಸಬೇಕಿತ್ತು. ಮಧ್ಯಾಹ್ನ ಹಳಿಯಾಳದಿಂದ ಪ್ರಿಂಟರ್ ರಿಪೇರಿಯವನು ಬಂದ. ಅವಳೇ ಫೋನು ಮಾಡಿ ಶುಕ್ರವಾರ ಬಾ ಎಂದಿದ್ದಳು, ಇವನು ಒಂದು ದಿನ ಮೊದಲೇ ಬಂದ. ಕೂತು ಅದು ಇದು ಒತ್ತಿ ನೋಡಿದ.

"ಪ್ರಿಂಟರ್ ನೆಟ್ಟಗ ಐತ್ರಿ ಅಮ್ಮಾರ. ಕಂಪ್ಯೂಟರಿನಾಗ ಜಾಗಾ ಇಲ್ಲ, ವಿಂಡೋಸ್ ತುಂಬಿ ತುಳಕಾಕತ್ತೈತಿ. ಅದಕ್ಕ ಕಾಗದಾ ಹೊರಗ ಬರವಲ್ದು."

"ಜಾಗಾ ಮಾಡು ಮತ್ತ."

"ಇದರಾಗ ಇನ್ನೊಂದ ಸಿಸ್ಟಮ್ ಐತಲ್ರಿ, ಲಿನಕ್ಸ್. ಅರ್ಧಾ ಜಾಗಾ ಅದ ಹಿಡದೈತಿ. ಅದು ಬೇಕೇನ್ರಿ?"

"ಬ್ಯಾಡ. ತಗಿ."

ಅವನು ಮೌಸು ಎನ್ನುವ ಇಲಿಯ ಮೇಲೆ ಕೈ ಇಟ್ಟವನು ತಿರುಗಿ ನೋಡಿದ. ಒಳ್ಳೆಯ ಮನುಷ್ಯ.

"ಅದರಾಗ ಯಾರರ ಏನರ ಇಟ್ಟಾರೇನ್ರಿ? ತಗದ ಮ್ಯಾಲ ಹೊಳ್ಳಿ ಬರೂದಿಲ್ಲ."

"ಏನೂ ಇಲ್ಲ," ಎಂದೆ.

ಎರಡು ಶಬ್ದ. ತೆಗೆದ. ನೋಡುತ್ತ ನಿಂತಿದ್ದೆ. ಅಂಥ ದೊಡ್ಡದೇನೂ ಕಾಣಿಸಲಿಲ್ಲ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಇತ್ತು, ಅದರ ಪಕ್ಕದ ಪಟ್ಟಿ ಹೋಗಿ ನೀಲಿ ಉದ್ದವಾಯಿತು. ಪ್ರಿಂಟರಿನಿಂದ ಒಂದು ಕಾಗದ ತೆಗೆದು ತೋರಿಸಿ, ಹಳಿಯಾಳದ ಬಸ್ಸು ಹಿಡಿಯಬೇಕು ಎಂದು ಓಡಿದ.

ಶುಕ್ರವಾರ ಬೆಳಿಗ್ಗೆ ಊದಿನಕಡ್ಡಿ ಹಚ್ಚಿ ಯಂತ್ರ ಚಾಲೂ ಮಾಡಿದೆ. ಕರಿ ಪರದೆ ಬಂತು. ಎರಡು ಸಾಲು ಬರಲಿಲ್ಲ. ಇಂಗ್ಲೀಷಿನಲ್ಲಿ ಒಂದೇ ಒಂದು ಸಾಲು, ಅದರ ಮುಂದೆ ಕಣ್ಣು ಮಿಟುಕಿಸುವ ಗೆರೆ. ಟಿಕಳಿ ಒತ್ತಿದೆ. ಹತ್ತು ಸಲ ಒತ್ತಿದೆ. ಮೇಲಿನದೂ ಇಲ್ಲ, ಕೆಳಗಿನದೂ ಇಲ್ಲ. ಹಿಟ್ಟಿನ ಕೈಯಲ್ಲೇ ರೇಣುಕಾ ಓಡಿ ಬಂದು ನೋಡಿದಳು. ನೋಡಿ, ಹಿಟ್ಟಿನ ಕೈಯನ್ನೇ ಸೀರೆಗೆ ಒರೆಸಿಕೊಂಡಳು.

"ನಿನ್ನಿ ಯಾರರ ಬಂದಿದ್ರೇನ್ರಿ ಅತ್ತಿ?"

"ಪ್ರಿಂಟರಿನಾಂವ ಬಂದಿದ್ದ."

"ಏನರ ಕೇಳಿದ್ನೇನ್ರಿ ನಿಮಗ?"

"ಏನೇನೋ ಕೇಳಿದ. ನನಗೇನ ತಿಳೀತೈತಿ ಅದೆಲ್ಲಾ?"

ಅರವತ್ತೆಂಟು ವರ್ಷದಲ್ಲಿ ನನಗೆ ತಿಳಿಯುವುದಿಲ್ಲ ಎಂದು ನಾನು ಹೇಳಿದ್ದು ಅದೇ ಮೊದಲು. ಎಲ್ಲರೂ ನಂಬಿದರು. ಅಷ್ಟು ಸುಲಭವಾಗಿ ನಂಬುತ್ತಾರೆಂದು ನಾನು ಎಣಿಸಿರಲಿಲ್ಲ.

ನಜ್ನೀನ್ ಅಂಗಡಿ ಮುಚ್ಚಿ ಬಂದಳು. ಪೆನ್‌ಡ್ರೈವ್ ಎಂಬ ಬೆರಳಿನಷ್ಟು ಉದ್ದದ ಕಡ್ಡಿಯೊಂದನ್ನು ಸಿಕ್ಕಿಸಿ ಯಂತ್ರವನ್ನು ಅದರಿಂದ ಎಬ್ಬಿಸಿ ಒಳಗೆ ಇಣುಕಿದಳು. "ಯಾವ ಹೊಲದಾಗ ಹಾದಾಡಿದ ಎತ್ತ ಮಾಡ್ತು ಈ ಕೆಲಸಾ?" ಎಂದಳು. ಆ ಎತ್ತು ಅವಳ ಹಿಂದೆಯೇ ಚಹಾ ಹಿಡಿದು ನಿಂತಿತ್ತು. ಆಮೇಲೆ ನನಗೆ ತಿಳಿಸಿ ಹೇಳಿದಳು. "ಯಾವ್ದರಾಗ ಹೋಗ್ಬೇಕು ಅಂತ ಕೇಳೂ ಬಾಗ್ಲಾ ಐತಲ್ಲಮ್ಮಾ, ಅದು ಮ್ಯಾಲಿನ ಮನೀದು. ಮ್ಯಾಲಿನ ಮನಿ ಕೆಡವಿದ್ರ ಬಾಗ್ಲಾನೂ ಹೋತು. ಈಗ ಕೆಳಗಿನ ಮನಿ ಐತಿ, ಹೋಗಾಕ ಹಾದಿ ಇಲ್ಲ."

ಕಾಕಾನ ಪಾಲಿಗೆ ಬಿದ್ದ ತಲಬಾಗಿಲಿನಲ್ಲೇ ಬೆಳೆದವಳು ನಾನು. ಬಾಗಿಲು ಯಾರ ಕಡೆ ಇದೆ ಎಂದು ಕೇಳಬೇಕೆಂಬುದು ನನಗಾದರೂ ಹೊಳೆಯಬೇಕಿತ್ತು.

ಕೆಳಗಿನದನ್ನು ನಜ್ನೀನ್ ಅವತ್ತೇ ಸರಿಮಾಡಿದಳು. ಮೇಲಿನದನ್ನು ಅಗೆದು ತೆಗೆಯಲು ಇಬ್ಬರೂ ಎರಡು ದಿನ ಕೂತರು. ಸಿಕ್ಕದ್ದೆಲ್ಲ ಹೆಸರು ಕಳೆದುಕೊಂಡು ಬರೀ ನಂಬರು ಹೊತ್ತು ಬಂತು. ಸಾವಿರಾರು ತುಂಡು. ಪಾಠದ ಅರ್ಧ ಸಾಲು, ಯಾರದೋ ಪಹಣಿಯ ಮೂಲೆ, ಮಹಾದೇವನ ಜೀಪಿನ ಫೋಟೋದ ಒಂದು ಗಾಲಿ. ಹನ್ನೊಂದು ಪಾಠ ಮೊದಲೇ ಕಾಗದದ ಮೇಲೆ ತೆಗೆದಿಟ್ಟದ್ದು ಉಳಿಯಿತು. ಉಳಿದವು ಹೋದವು. ಏಳು ಯಂತ್ರದ ಔಷಧದ ಚೀಟಿಗಳಲ್ಲಿ ಒಂದೂ ಇಡಿಯಾಗಿ ಸಿಗಲಿಲ್ಲ.

"ನಂದ ತಪ್ಪು," ಎಂದಳು ರೇಣುಕಾ. "ಇನ್ನೊಂದ ಕಡೆ ಕಾಪಿ ಇಡಬೇಕಿತ್ತು. ಅತ್ತಿಗೇನ ಗೊತ್ತಾಗಬೇಕು, ಪಾಪ."

ಪಾಪ ಎಂದು ನನ್ನನ್ನು ಯಾರೂ ಅಂದಿರಲಿಲ್ಲ. ಗಂಡ ಸತ್ತಾಗಲೂ ಅಂದಿರಲಿಲ್ಲ, ಅನ್ನಲು ಹೆದರುತ್ತಿದ್ದರು. ಮಹಾದೇವನೂ ಮೆತ್ತಗೆ, 'ಅವ್ವಗ ಏನೂ ಅನಬ್ಯಾಡ' ಎಂದ. ಅವಳು ಅಂದೇ ಇರಲಿಲ್ಲ. ಇಬ್ಬರೂ ಸೇರಿ ನನಗೆ ಮೊದಲು ಊಟಕ್ಕೆ ಹಾಕಿದರು. ಬೈಯದವರ ಮುಂದೆ ಕೂತು ಉಣ್ಣುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ಸೋಮವಾರ ಅವಳ ಚೀಲ ಹಿಡಿಯುವ ನೆಪದಲ್ಲಿ ನಾನೂ ಜೋಯಿಡಾಕ್ಕೆ ಹೋದೆ. ಮನೆಯಲ್ಲಿ ಒಬ್ಬಳೇ ಆ ಯಂತ್ರದ ಜೊತೆ ಕೂರಲಾರದೆ ಹೋದೆ. ಹಾಸ್ಟೆಲಿನ ಒಂದು ಖೋಲಿಯಲ್ಲಿ ಏಳೂ ಯಂತ್ರ ಸಾಲಾಗಿ ಇದ್ದವು. ಒಂದೊಂದರ ಮುಂದೆ ಇಬ್ಬಿಬ್ಬರು ಹುಡುಗಿಯರು ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು, ಲಗ್ನಕ್ಕೆ ಬಂದವರ ಹಾಗೆ ಕೂತಿದ್ದರು. ತಮ್ಮೊಳಗೆ ಕೊಂಕಣಿಯಲ್ಲಿ ಪಿಸುಗುಡುತ್ತಿದ್ದರು. ಮೇಡಮ್ಮನವರ ಜೊತೆ ಕಮಿಟಿಯ ಹಿರಿಯರೊಬ್ಬರು ಬಂದಿದ್ದರು. ರೇಣುಕಾ ಬೆಳಿಗ್ಗೆಯಿಂದ ನೆನಪಿನ ಮೇಲೆಯೇ ಚೀಟಿ ಬರೆದು ಬರೆದು ಮೂರನ್ನು ಎಬ್ಬಿಸಿದಳು. ನಾಲ್ಕನೆಯದು ಏಳಲಿಲ್ಲ. ಐದನೆಯದರ ಪರದೆ ಕಪ್ಪಾಗಿಯೇ ನಿಂತಿತು. ಆರು, ಏಳು ಮುಟ್ಟಲಿಕ್ಕೂ ಹೊತ್ತು ಸಾಲಲಿಲ್ಲ.

"ಏಳೂ ನಡೀತಾವು ಅಂದಿದ್ರೆಲ್ಲ ರೇಣುಕಾ?" ಎಂದರು ಮೇಡಮ್ಮ.

"ಮನ್ಯಾಗ ಮಷಿನ್ ಕೆಟ್ಟಿತ್ರಿ ಮೇಡಂ. ಬರದಿಟ್ಟದ್ದೆಲ್ಲಾ ಹೋತ್ರಿ."

ನನ್ನ ಕಡೆ ನೋಡಲೂ ಇಲ್ಲ ಅವಳು. ನೋಡಿದ್ದರೆ ಚೆನ್ನಾಗಿತ್ತು.

"ಮೂರು ಇಟ್ಕೊಳ್ಳೂಣು, ನಾಕು ಗುಜರಿಗೆ ಹಾಕೂಣು," ಎಂದರು ಹಿರಿಯರು. "ಮೂರಕ್ಕ ಬ್ಯಾರೆ ಮನಶ್ಯಾರು ಯಾಕ ಬೇಕ್ರಿ? ಈ ತಂಗಿ ತಿಂಗಳಿಗೊಮ್ಮಿ ಬಂದು ನೋಡಿ ಹೋದ್ರ ಆತು."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೆಲಸ ಮಾತ್ರ ಹೋಯಿತು. ಏಳದ ನಾಲ್ಕು ಯಂತ್ರಗಳ ಮುಂದಿದ್ದ ಎಂಟು ಹುಡುಗಿಯರಲ್ಲಿ ಏಳು ಮಂದಿ ಎದ್ದು, ಏಳುವ ಮೂರರ ಹಿಂದೆ ಹೋಗಿ ನಿಂತು ಮುಂದಿನವರ ಭುಜದ ಮೇಲಿಂದ ಇಣುಕಿದರು. ಒಬ್ಬಳು ಮಾತ್ರ ಕಪ್ಪು ಪರದೆಯ ಮುಂದೆಯೇ ಕೂತಿದ್ದಳು, ಗುಂಡಿಗಳ ಮೇಲೆ ಬೆರಳಿಟ್ಟುಕೊಂಡು. ರೇಣುಕಾ ಅವಳ ತಲೆ ಮುಟ್ಟಿ, "ಏಳವ್ವಾ," ಎಂದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ, ನಾನು ಪಕ್ಕದಲ್ಲಿ. ಗಣೇಶಗುಡಿಯಲ್ಲಿ ನದಿಯಲ್ಲಿ ದೋಣಿ ಓಡಿಸುವ ಹುಡುಗರು ಒದ್ದೆ ಚಡ್ಡಿಯಲ್ಲಿ, ಹುಟ್ಟು ಹಿಡಿದು ಹತ್ತಿ ಗದ್ದಲ ಮಾಡಿದರು. ಆ ಗದ್ದಲದಲ್ಲಿ ಹೇಳಿದೆ. ಹೇಳಿದ್ದು ಯಾರಿಗೂ ಕೇಳಿಸದಿರಲಿ ಎಂದು ಅಂಥ ಹೊತ್ತನ್ನೇ ಆರಿಸಿಕೊಂಡೆ.

"ಆ ಮನಶ್ಯಾ ಎರಡ ಸಲ ಕೇಳಿದ್ದ ರೇಣುಕಾ. ನಾ ಏನೂ ಇಲ್ಲ ತಗಿ ಅಂದ್ನಿ. ನಿಂದ ಐತಿ ಅದರಾಗ ಅಂತ ಗೊತ್ತಿತ್ತು ನನಗ."

ಕಿಟಕಿಯಿಂದ ಮುಖ ತಿರುಗಿಸಲಿಲ್ಲ ಅವಳು. "ಯಾಕ್ರಿ?" ಎಂದಳು.

"ನಜ್ನೀನ್ ಮುಂದ ಚಾಪುಡಿ ಮಾತ ಆಡಿದ್ಯಲ್ಲ. ಕೇಳಿಸ್ತು."

"ಅವತ್ತ ಬಂದು ಬೈಬೇಕಿತ್ರಿ. ಓಣಿಗೆಲ್ಲಾ ಬೈತೀರಿ, ನನಗ ಬಯ್ಯಾಕ ಬಾಯಿ ಇರಲಿಲ್ಲೇನ ನಿಮಗ?"

ನಾನು ಅವಳ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ.

"ಹೋಗ್ಲಿ ಬಿಡು ಅಂತ ನಾ ಅನ್ನೂದಿಲ್ಲ ಅತ್ತಿ," ಎಂದಳು. "ತಿಳೀದ ಮಾಡಿದ್ರ ಅನ್ನತಿದ್ನಿ. ಅಂದಿದ್ನಿ ಕೂಡ."

ಎದ್ದು ನನ್ನ ಮೊಣಕಾಲು ದಾಟಿ ಹೋಗಿ ಮುಂದೆ ಕಂಬಿ ಹಿಡಿದು ನಿಂತಳು. ಸೀಟು ಖಾಲಿ ಇದ್ದವು. ದಾಂಡೇಲಿಯ ತನಕ ನಿಂತೇ ಬಂದಳು. ಅವಳ ಚೀಲ ನನ್ನ ತೊಡೆಯ ಮೇಲೆ ಇತ್ತು, ಹನ್ನೊಂದು ಪಾಠದ ಕಾಗದ ಅದರೊಳಗೆ.

ಎಂಟು ದಿನ ಅವಳು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಉಪ್ಪು, ನೀರು, ಬಾಗಿಲು. ಒಂಬತ್ತನೆಯ ದಿನ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತವಳು, "ಇಲ್ಲೆ ಬರ್ರಿ," ಎಂದಳು. ಮೇಲಿನ ಸಾಲನ್ನು ಮತ್ತೆ ಹಾಕಿಕೊಂಡಿದ್ದಳು. ಪರದೆಯ ಮೇಲೆ ಎರಡು ಹೆಸರು ಇದ್ದವು. ಒಂದು ಅವಳದು. ಇನ್ನೊಂದು ಕನ್ನಡ ಅಕ್ಷರದಲ್ಲಿ, ಶಾಂತವ್ವ. ನಾನು.

"ಇದು ನಿಮ್ಮದು. ಬರೀರಿ, ಓದ್ರಿ, ಏನ ಬೇಕಾದ್ದ ಮಾಡ್ರಿ. ನನ್ನ ಪಾಠಾನೂ ಕಾಣತಾವು ನಿಮಗ, ಓದಬಹುದು. ಈಗ ಇದನ್ನ ಅಳಸ್ರಿ."

ಅವಳು ತೋರಿಸಿದ್ದು ಹೊಸದಾಗಿ ಬರೆದ ಹನ್ನೆರಡನೆಯ ಪಾಠ. ನನ್ನ ಕೈ ಏಳಲಿಲ್ಲ.

"ಒತ್ರಿ ಅತ್ತಿ."

ಒತ್ತಿದೆ. ಒಂದು ಸಣ್ಣ ಚೌಕ ಬಂತು, ಅದರಲ್ಲಿ ಕನ್ನಡ ಅಕ್ಷರ. ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದೆ. ಇದನ್ನು ಅಳಿಸಲು ನಿಮಗೆ ಅನುಮತಿ ಇಲ್ಲ.

"ಹೌದು," ಎಂದಳು ರೇಣುಕಾ. ಎದ್ದು ರೊಟ್ಟಿಗೆ ಹಿಟ್ಟು ನಾದಲು ಹೋದಳು.

ನನ್ನ ಹೆಸರಿನ ಆ ಖೋಲಿಯಲ್ಲಿ ಕೂತು ಒಂದೊಂದೇ ಬೆರಳಿನಲ್ಲಿ ಇದನ್ನು ಬರೆದಿದ್ದೇನೆ. ಎಷ್ಟು ದಿನ ಹಿಡಿಯಿತೆಂದು ಹೇಳಿದರೆ ನಗುತ್ತೀರಿ. ನನ್ನದನ್ನು ನಾನು ಅಳಿಸಿಕೊಳ್ಳಬಹುದು, ಅದಕ್ಕೆ ಅನುಮತಿ ಇದೆ. ಎರಡು ಸಲ ಅಳಿಸಲು ಹೋಗಿ ಬಿಟ್ಟಿದ್ದೇನೆ. ಇಲ್ಲಿರುವುದನ್ನೆಲ್ಲ ತೆರೆದು ನೋಡುವ ಹಕ್ಕು ರೇಣುಕಾಳಿಗಿದೆ, ಇವತ್ತಲ್ಲ ನಾಳೆ ನೋಡುತ್ತಾಳೆ. ಅದಕ್ಕಾಗಿ ಬಸ್ಸಿನಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆದಿಡುತ್ತೇನೆ.

ಆ ಮನುಷ್ಯ ಕೇಳಿದ್ದು ಎರಡು ಸಲ ಅಲ್ಲ, ಮೂರು ಸಲ. ಮೂರನೆಯ ಸಲ ಇಲಿಯಿಂದ ಕೈ ತೆಗೆದು ತನ್ನ ಜೇಬಿನಿಂದ ಫೋನು ಹೊರಗೆ ತೆಗೆದಿದ್ದ. "ನಿಮ್ಮ ಸೊಸಿಗೆ ಒಂದ ಮಾತ ಕೇಳಿಬಿಡ್ಲೇನ್ರಿ?" ಎಂದಿದ್ದ.

"ಜೋಯಿಡಾದಾಗ ಆಕಿ ಫೋನ್ ಹತ್ತೂದಿಲ್ಲ," ಎಂದೆ.

ಹತ್ತುತ್ತದೆ. ಆಗಷ್ಟೇ, ನಾನು ಉಂಡೆನೋ ಇಲ್ಲವೋ ಎಂದು ಕೇಳಲು ಅಲ್ಲಿಂದಲೇ ಫೋನು ಮಾಡಿದ್ದಳು.